ಫ್ಯಾನಿನ ಕೊಕ್ಕೆ ಇಲ್ಲದ ಮನೆಗಳ ಊರು

ಈ ಸಂಚಿಕೆ ರೆಕಾರ್ಡ್ ಮಾಡ್ತಿರೋದು ಬೆಳಗಿನ ಜಾವ ನಾಲ್ಕೂವರೆಗೆ. ನಾನೇನು ಅಷ್ಟು ಶಿಸ್ತಿನ ಹುಡುಗಿ ಅಲ್ಲ. ಕಾರಣ ಫ್ಯಾನು. ನನ್ನ ಹತ್ತಿರ ಸ್ಟುಡಿಯೋ ಇಲ್ಲ. ಲಗ್ಗೆರೆಯ ಬಾಡಿಗೆ ಮನೆ, ಮೂರನೇ ಮಹಡಿ, ಬೀರು ಮುಂದೆ ಎರಡು ದುಪ್ಪಟಿ ಕಟ್ಟಿಕೊಂಡು ಅದರೊಳಗೆ ಮೈಕ್ ಇಟ್ಟು ಮಾತಾಡ್ತೀನಿ. ಫ್ಯಾನ್ ತಿರುಗ್ತಿದ್ರೆ ಮೈಕಿಗೆ ಗುಂಯ್ ಅನ್ನೋ ಸದ್ದು ಬೀಳುತ್ತೆ, ಆಮೇಲೆ ಎಡಿಟಿಂಗಲ್ಲಿ ಎಷ್ಟು ಒರೆಸಿದ್ರೂ ಹೋಗಲ್ಲ. ಹಾಗಾಗಿ ಫ್ಯಾನ್ ಆಫ್.

2019ರಲ್ಲಿ ಶುರು ಮಾಡಿದಾಗ ರಾತ್ರಿ ಎಂಟು ಗಂಟೆಗೆ ಫ್ಯಾನ್ ಆರಿಸಿ ನಲವತ್ತು ನಿಮಿಷ ಕೂತ್ಕೊಳ್ತಿದ್ದೆ. ಈಗ ಏಪ್ರಿಲಲ್ಲಿ ಆ ಹೊತ್ತಿಗೆ ಹತ್ತು ನಿಮಿಷ ಕೂತರೆ ಬರೆದಿಟ್ಟ ಹಾಳೆ ಮೇಲೆ ಬೆವರಿನ ಹನಿ ಬೀಳುತ್ತೆ. ಒಂಬತ್ತಕ್ಕೆ ಸರಿಸಿದೆ, ಹನ್ನೊಂದಕ್ಕೆ ಸರಿಸಿದೆ. ಕೊನೆಗೆ ಇಲ್ಲಿಗೆ ಬಂದು ನಿಂತಿದೆ. ಕೇಳುಗರೊಬ್ಬರು ಮೆಸೇಜ್ ಮಾಡಿದ್ರು, "ನಿಮ್ಮ ಧ್ವನಿ ಇತ್ತೀಚೆಗೆ ನಿದ್ದೆಗಣ್ಣಲ್ಲಿ ಇದ್ದಂಗಿದೆ" ಅಂತ. ಹೌದು ಸರ್, ಇದೆ.

ನನ್ನದೊಂದು ಸಣ್ಣ ತಾಪತ್ರಯ, ಅಷ್ಟೆ. ಆದ್ರೆ ಇದರಿಂದ ಒಂದು ಪ್ರಶ್ನೆ ಹುಟ್ಟಿತು. ಬೆಂಗಳೂರಲ್ಲಿ ಹಿಂದೆ ಫ್ಯಾನೇ ಇರಲಿಲ್ಲ ಅಂತ ಎಲ್ಲ ಮನೆಯ ಹಿರಿಯರೂ ಹೇಳ್ತಾರಲ್ಲ, ಅದು ಎಷ್ಟು ನಿಜ? ನಿಜ ಆಗಿದ್ರೆ, ತಂಪು ಅನ್ನೋದಕ್ಕೆ ನಾವು ದುಡ್ಡು ಕೊಡೋಕೆ ಶುರು ಮಾಡಿದ್ದು ಯಾವಾಗಿಂದ?

ನಮ್ಮ ಅಜ್ಜಿ ಇದ್ದದ್ದು ಶ್ರೀರಾಮಪುರದ ಒಂದು ವಠಾರದಲ್ಲಿ. ಮಂಗಳೂರು ಹೆಂಚು, ದಪ್ಪ ಗೋಡೆ, ರೆಡ್ ಆಕ್ಸೈಡ್ ನೆಲ, ಎರಡು ಹೆಂಚಿನ ನಡುವೆ ಬೆಳಕಿಗೆ ಒಂದು ಗಾಜು. ಸೀಲಿಂಗೇ ಇಲ್ಲ ಅಂದಮೇಲೆ ಸೀಲಿಂಗ್ ಫ್ಯಾನಿನ ಕೊಕ್ಕೆ ಎಲ್ಲಿಂದ ಬರಬೇಕು? ಬಿಸಿಗಾಳಿ ಮೇಲೇರಿ ಹೆಂಚಿನ ಸಂದಿಯಿಂದ ತಾನಾಗೇ ಹೊರಗೆ ಹೋಗ್ತಿತ್ತು. ಅಪ್ಪನ ಮದುವೆಗೆ ಯಾರೋ ಒಂದು ಟೇಬಲ್ ಫ್ಯಾನ್ ಉಡುಗೊರೆ ಕೊಟ್ಟಿದ್ರಂತೆ. ಅಜ್ಜಿ ಅದನ್ನು ಗಾಳಿಗೆ ಬಳಸಿದ್ದು ಕಮ್ಮಿ. ದೀಪಾವಳಿ ಹೊತ್ತಿಗೆ ಮಳೆ ಹಿಡಿದಾಗ ಒಗೆದ ಬಟ್ಟೆ ಒಣಗಿಸೋಕೆ ಬಳಸಿದ್ದೇ ಜಾಸ್ತಿ. ಮಲ್ಲೇಶ್ವರ, ಬಸವನಗುಡಿ ಕಡೆಯ ಹಳೇ ಮದ್ರಾಸ್ ತಾರಸಿ ಮನೆಗಳಿಗೆ ಹೋದ್ರೆ ಈಗಲೂ ನೋಡಬಹುದು, ಮರದ ತೊಲೆಗೆ ಆಮೇಲೆ ಕ್ಲಾಂಪ್ ಹಾಕಿ ಫ್ಯಾನ್ ನೇತುಹಾಕಿರ್ತಾರೆ. ಕಟ್ಟಿದವರ ಲೆಕ್ಕದಲ್ಲಿ ಫ್ಯಾನ್ ಇರಲೇ ಇಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಎತ್ತಿ ಹಲಸೂರು ಕಡೆಗೆ ತಂದು ದಂಡು ಕಟ್ಟಿದರು. ಶ್ರೀರಂಗಪಟ್ಟಣದಲ್ಲಿ ಸೊಳ್ಳೆ, ಜ್ವರ, ಸಾವು. ಇಲ್ಲಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಸಂಜೆಯಾದ್ರೆ ತಣ್ಣನೆ ಗಾಳಿ. ಅಂದ್ರೆ ನಮ್ಮ ಕಂಟೋನ್ಮೆಂಟ್ ಹುಟ್ಟಿದ್ದರ ಹಿಂದೆ ಹವೆಯ ಲೆಕ್ಕವೂ ಇತ್ತು.

ಅದೇ ಕಾಲದ ಮದರಾಸನ್ನು ಪಕ್ಕಕ್ಕಿಟ್ಟು ನೋಡಿ. ಅಲ್ಲಿ ಸೆಕೆ ತಡೆಯೋಕಾಗದೆ ಅಮೆರಿಕದ ಬೋಸ್ಟನ್ ಕಡೆಯ ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಮಂಜುಗಡ್ಡೆಯನ್ನು ಹಡಗಲ್ಲಿ ತರಿಸಿಕೊಳ್ತಿದ್ರು. ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ನಡೆಸಿದ ದಂಧೆ ಅದು. 1833ರಲ್ಲಿ ಕಲ್ಕತ್ತಾಗೆ ಮೊದಲ ಹಡಗು ಬಂತು. 1842ರ ಹೊತ್ತಿಗೆ ಮದರಾಸಿನ ಕಡಲ ತೀರದಲ್ಲಿ ಐಸ್ ಇಡೋಕೆ ಅಂತಲೇ ಒಂದು ಕಟ್ಟಡ ಎದ್ದಿತ್ತು. ಇವತ್ತು ಅದು ವಿವೇಕಾನಂದರ್ ಇಲ್ಲಂ. ಅರ್ಧ ಭೂಮಿ ಸುತ್ತಿಬಂದ ಗಡ್ಡೆ, ದಾರಿಯಲ್ಲಿ ಎಷ್ಟೋ ಕರಗಿ ಹೋದ್ರೂ ಲಾಭ ಬರ್ತಿತ್ತು ಅಂದ್ರೆ ಆ ಊರು ತಂಪಿಗೆ ಎಷ್ಟು ತೆರೋಕೆ ತಯಾರಿತ್ತು ಯೋಚನೆ ಮಾಡಿ. ಬೆಂಗಳೂರಿಗೆ ಅದೇ ತಂಪು ಪುಕ್ಕಟೆ ಸಿಗ್ತಿತ್ತು. ಇಲ್ಲಿನ ಬಂಗಲೆಗಳಿಗೆ ಎತ್ತರದ ಚಾವಣಿ, ಸುತ್ತ ಜಗಲಿ, ಕಿಟಕಿ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್, ಅಷ್ಟು ಸಾಕಾಗಿತ್ತು. ಅದೂ ಸಾಲದ ದೊಡ್ಡವರು ನಂದಿಬೆಟ್ಟಕ್ಕೆ ಹೋಗ್ತಿದ್ರು. ಟಿಪ್ಪು ಸುಲ್ತಾನನಿಗೆ ಅಲ್ಲೊಂದು ಬೇಸಿಗೆ ಮನೆ, ಆಮೇಲೆ ಕಮಿಷನರ್ ಮಾರ್ಕ್ ಕಬ್ಬನ್ನನಿಗೂ ಒಂದು.

ಇಲ್ಲಿ ಒಂದು ಮಾತು ಹೇಳಿಬಿಡ್ತೀನಿ, ಇಲ್ಲಾಂದ್ರೆ ಇದು ಬರೀ "ಆ ಕಾಲ ಚೆನ್ನಾಗಿತ್ತು" ಪುರಾಣ ಆಗುತ್ತೆ. ಹಳೇ ಬೆಂಗಳೂರಲ್ಲೂ ಬೆಂಕಿಯಂಥ ದಿನಗಳಿದ್ದವು. 1931ರ ಮೇ ತಿಂಗಳಲ್ಲಿ 38.9 ಡಿಗ್ರಿ ದಾಖಲಾಗಿದೆ. ಐಟಿ ಇಲ್ಲ, ಫ್ಲೈಓವರ್ ಇಲ್ಲ, ಆಗಲೇ! ಆ ದಾಖಲೆ ಮುರಿದಿದ್ದು 2016ರ ಏಪ್ರಿಲಲ್ಲಿ, 39.2. ಎಂಬತ್ತೈದು ವರ್ಷದಲ್ಲಿ ಬರೀ 0.3 ಡಿಗ್ರಿ. "ಇಷ್ಟೇನಾ? ಇದಕ್ಕೆ ಇಷ್ಟೊಂದು ಗಲಾಟೆನಾ?" ಅಂತ ನನ್ನ ಚಿಕ್ಕಪ್ಪ ಒಬ್ರು ಪ್ರತಿ ಬೇಸಿಗೆಯಲ್ಲೂ ವಾಟ್ಸಾಪ್ ಗ್ರೂಪಲ್ಲಿ ಹಾಕ್ತಾರೆ. ನನಗೆ ಬಹಳ ದಿನ ಉತ್ತರ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ನನ್ನ ಬಿ.ಕಾಂ. ಪುಸ್ತಕದಲ್ಲಿ. ನಿಜವಾಗ್ಲೂ.

ದಾಖಲೆ ಅನ್ನೋದು ಒಂದು ದಿನದ ಲೆಕ್ಕ. ಒಂದೇ ದಿನದ ವ್ಯಾಪಾರ ನೋಡಿ ಅಂಗಡಿಯ ಸ್ಥಿತಿ ಹೇಳೋಕಾಗುತ್ತಾ? ವರ್ಷದ ಮೊತ್ತ ಬೇಕು. ಹವಾಮಾನದವರು, ಕಟ್ಟಡ ಕಟ್ಟೋರು, ಕರೆಂಟ್ ಕಂಪನಿಯವರು ಇದಕ್ಕೆ ಒಂದು ಅಳತೆ ಇಟ್ಟುಕೊಂಡಿದ್ದಾರೆ. ಹೆಸರು ಕೂಲಿಂಗ್ ಡಿಗ್ರಿ ಡೇ. ಹೆಸರು ಕೇಳಿ ಹೆದರಬೇಡಿ. ದಿನದ ಗರಿಷ್ಠ, ಕನಿಷ್ಠ ತಾಪಮಾನ ಕೂಡಿಸಿ ಎರಡರಿಂದ ಭಾಗಿಸಿ, ಅದು ಆ ದಿನದ ಸರಾಸರಿ. ಅದರಿಂದ ಒಂದು ಗೆರೆಯನ್ನು ಕಳೀರಿ. ಯಾವ ಗೆರೆ ಅನ್ನೋದು ದೇಶದಿಂದ ದೇಶಕ್ಕೆ ಬೇರೆ ಬೇರೆ, ಕೆಲವರು 18 ಇಟ್ಕೊಳ್ತಾರೆ. ನಾನು 24 ಇಟ್ಕೊಳ್ತೀನಿ, ಯಾಕಂದ್ರೆ 2020ರ ಜನವರಿಯಿಂದ ನಮ್ಮ ದೇಶದಲ್ಲಿ ರೂಮ್ ಎಸಿಗಳನ್ನು ಆನ್ ಮಾಡಿದಾಗ ಮೊದಲು ತೋರಿಸೋ ಅಂಕಿ 24 ಇರಬೇಕು ಅಂತ ನಿಯಮ ಬಂದಿದೆ. ಗೆರೆಗಿಂತ ಮೇಲೆ ಎಷ್ಟು ಡಿಗ್ರಿ ಉಳಿಯಿತೋ ಅಷ್ಟು ಆ ದಿನದ ಬಾಕಿ. ಗೆರೆ ಕೆಳಗಿದ್ರೆ ಸೊನ್ನೆ. ಹೀಗೆ 365 ದಿನದ್ದೂ ಕೂಡಿಸಿದ್ರೆ, ಒಂದು ಊರು ಆ ವರ್ಷ ಎಷ್ಟು ತಂಪನ್ನು ಕೊಂಡುಕೊಳ್ಳಬೇಕು ಅನ್ನೋದರ ಅಂದಾಜು.

ಕಾಮರ್ಸ್ ಓದಿದವರಿಗೆ ಈಗಾಗಲೇ ಹೊಳೆದಿರುತ್ತೆ. ಇದು ಬ್ರೇಕ್ ಈವನ್ ಪಾಯಿಂಟ್! ಗೆರೆ ದಾಟೋ ತನಕ ಏನೂ ಇಲ್ಲ, ದಾಟಿದ ಮೇಲೆ ಪ್ರತಿಯೊಂದೂ ಎಣಿಕೆಗೆ ಬರುತ್ತೆ.

ಲೆಕ್ಕಕ್ಕೆ ಅಂತ ಹೀಗಿಟ್ಕೊಳ್ಳಿ. ಚೆನ್ನೈಯಲ್ಲಿ ಒಂದು ಮೇ ದಿನದ ಸರಾಸರಿ 32. ಗೆರೆ ಮೇಲೆ 8. ಅಲ್ಲಿ ಒಂದು ಡಿಗ್ರಿ ಏರಿದ್ರೆ 9, ಅಂದ್ರೆ ಶೇಕಡಾ ಹನ್ನೆರಡೂವರೆ ಹೆಚ್ಚು. ಬೆಂಗಳೂರಲ್ಲಿ ಒಂದು ದಿನದ ಸರಾಸರಿ 25. ಗೆರೆ ಮೇಲೆ ಬರೀ 1. ಇಲ್ಲೂ ಅದೇ ಒಂದು ಡಿಗ್ರಿ ಏರಿತು, 2 ಆಯ್ತು. ನೂರಕ್ಕೆ ನೂರು ಹೆಚ್ಚಳ. ಮೊದಲಿಂದ ಸುಡ್ತಿದ್ದ ಊರಿಗೆ ಒಂದು ಡಿಗ್ರಿ ಅಂದ್ರೆ ಇದ್ದ ಖರ್ಚಿನ ಮೇಲೆ ಸ್ವಲ್ಪ ಖರ್ಚು. ಗೆರೆ ಅಂಚಿನಲ್ಲಿ ಕೂತ ಊರಿಗೆ ಒಂದು ಡಿಗ್ರಿ ಅಂದ್ರೆ ಇಡೀ ಖಾತೆಯೇ ಬದಲು. ನಿನ್ನೆವರೆಗೆ ಸೊನ್ನೆ ಇದ್ದ ದಿನಗಳು ಒಂದೊಂದಾಗಿ ಗೆರೆ ದಾಟಿ ಈ ಕಡೆ ಬರ್ತವೆ. ನಮ್ಮ ಹತ್ತಿರ ಮಾರ್ಜಿನ್ ಆಫ್ ಸೇಫ್ಟಿ ಅಂತ ಇದ್ದದ್ದು ಆ 900 ಮೀಟರ್ ಎತ್ತರ, ಸಂಜೆ ಗಾಳಿ ಮತ್ತು ಏಪ್ರಿಲಿನ ಮಳೆ. ಅದು ತುಂಬ ತೆಳ್ಳಗಿತ್ತು, ನಮಗೆ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೆ ಇದನ್ನು ಕಳಿಸಿದೆ. ಒಂದು ಥಂಬ್ಸ್ ಅಪ್ ಬಂತು.

ಮತ್ತೆ ಗಮನಿಸಿ, ಈ ಲೆಕ್ಕದಲ್ಲಿ ಕನಿಷ್ಠ ತಾಪಮಾನಕ್ಕೂ ಗರಿಷ್ಠದಷ್ಟೇ ತೂಕ. ಟಿವಿಯವರು ಮಧ್ಯಾಹ್ನದ್ದನ್ನ ಕೂಗಿ ಹೇಳ್ತಾರೆ. ಆದರೆ ರಾತ್ರಿ ಎರಡು ಡಿಗ್ರಿ ಏರಿದ್ರೂ ಬಾಕಿ ಬೆಳೆಯುತ್ತೆ, ಸದ್ದಿಲ್ಲದೆ. ನಮ್ಮ ಊರಲ್ಲಿ ಕೆಟ್ಟಿರೋದು ಹೆಚ್ಚಾಗಿ ರಾತ್ರಿ ಅಂತ ನನಗನ್ನಿಸುತ್ತೆ.

ಅದಕ್ಕೆ ಜಗತ್ತಿನ ಬಿಸಿ ಒಂದು ಕಾರಣ. ನಾವೇ ಮಾಡಿಕೊಂಡಿದ್ದು ಇನ್ನೊಂದು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಜಾಗದಲ್ಲಿ, ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆ ಜಾಗದಲ್ಲಿ, ಇದು ನಿಮಗೆಲ್ಲ ಗೊತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನಿಟ್ಟು ಲೆಕ್ಕ ಹಾಕಿದ ಪ್ರಕಾರ 1973ರಿಂದ ನಾಲ್ಕು ದಶಕ ಚಿಲ್ಲರೆಯಲ್ಲಿ ಊರಿನ ಹಸಿರು ಶೇ. 88ರಷ್ಟು, ನೀರಿನ ಜಾಗ ಶೇ. 79ರಷ್ಟು ಹೋಗಿದೆ. ನೀರು, ಎಲೆ ಎರಡೂ ಬಿಸಿಲನ್ನು ಆವಿ ಮಾಡೋದರಲ್ಲಿ ಖರ್ಚು ಮಾಡಿಬಿಡ್ತವೆ. ಕಾಂಕ್ರೀಟು ಹಾಗಲ್ಲ, ಅದು ಬಿಸಿಲನ್ನು ಠೇವಣಿ ಇಟ್ಕೊಳ್ಳುತ್ತೆ. ಬೆಳಗ್ಗೆಯಿಂದ ಕಾದು, ರಾತ್ರಿ ಬಡ್ಡಿ ಸಮೇತ ವಾಪಸ್ ಕೊಡುತ್ತೆ. ಮೇಲಿನ ಮಹಡಿಯಲ್ಲಿ ಮಲಗೋರಿಗೆ ಇದನ್ನ ವಿವರಿಸಬೇಕಾಗಿಲ್ಲ. ರಾತ್ರಿ ಹತ್ತಕ್ಕೆ ಹೊರಗೆ ಗಾಳಿ ಇರುತ್ತೆ, ಒಳಗೆ ಫ್ಯಾನ್ ಹಾಕಿದ್ರೆ ಚಾವಣಿಯ ಬಿಸಿ ತಲೆ ಮೇಲೆ ಸುರಿಯುತ್ತೆ.

ಮರಗಳ ಕಥೆ ಬೇರೆಯೇ ಒಂದು ಸಂಚಿಕೆ ಬೇಡುತ್ತೆ. ಲಾಲ್‌ಬಾಗಿನ ಕ್ರುಂಬಿಗಲ್ ಸಾಹೇಬರು ತಿಂಗಳಿಗೊಂದು ಜಾತಿ ಹೂ ಬಿಡೋ ಹಾಗೆ ಬೀದಿ ಮರ ಹಾಕಿಸಿದ್ದು, 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಲಕ್ಷಗಟ್ಟಲೆ ಸಸಿ ನೆಡಿಸಿದ್ದು, ಅದರಿಂದಲೇ ಇವತ್ತು ಸ್ವಲ್ಪ ನೆರಳು ಉಳಿದಿದೆ. ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಬೆಂಗಳೂರಿನ ರಸ್ತೆಗಳಲ್ಲಿ ಅಳೆದು 2013ರಲ್ಲಿ ಪ್ರಕಟಿಸಿದ ಅಂಕಿ ನೋಡಿ ನಾನು ಎರಡು ಸಲ ಓದಿದೆ. ಮರ ಇರೋ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ ಮರ ಇಲ್ಲದ ರಸ್ತೆಗಿಂತ 5.6 ಡಿಗ್ರಿ ತನಕ ಕಮ್ಮಿ, ರಸ್ತೆಯ ಮೈ 27.5 ಡಿಗ್ರಿ ತನಕ ಕಮ್ಮಿ. ಆದ್ರೆ ಆ ಮರಗಳು ಎಲ್ಲಿವೆ? ಮಲ್ಲೇಶ್ವರ, ಜಯನಗರ, ಸದಾಶಿವನಗರ. ನಮ್ಮ ಬೀದಿಯಲ್ಲಿ ಎರಡು ಬೈಕ್ ಎದುರು ಬದುರು ಬಂದ್ರೆ ಒಬ್ಬರು ಕಾಲು ಕೆಳಗಿಡಬೇಕು. ಮರಕ್ಕೆ ಜಾಗ ಯಾವುದು? ನೆರಳು ಇರೋರ ಮನೆಯಲ್ಲೇ ಎಸಿ ಕೂಡ ಮೊದಲು ಬಂತು ಅನ್ನೋದು ಇದರ ತಮಾಷೆ.

ಈಗ ನಮ್ಮನೆ ವಿಷಯಕ್ಕೆ ಬರ್ತೀನಿ.

2024ರ ಏಪ್ರಿಲ್ ನಿಮಗೂ ನೆನಪಿರುತ್ತೆ. ಬೋರ್‌ವೆಲ್ ಬತ್ತಿ, ಟ್ಯಾಂಕರ್ ಹಿಂದೆ ಓಡಿದ ಬೇಸಿಗೆ ಅದು. ನಗರದ ಮಾಪನ ಕೇಂದ್ರದಲ್ಲಿ ಇಡೀ ಏಪ್ರಿಲ್ ಒಂದು ಹನಿ ಲೆಕ್ಕಕ್ಕೆ ಬೀಳಲಿಲ್ಲ. 1983ರ ನಂತರ ಹಾಗಾಗಿದ್ದು ಅದೇ ಮೊದಲು. ಏಪ್ರಿಲ್ 28ಕ್ಕೆ 38.5 ಡಿಗ್ರಿ. ಮಾವಿನ ಕಾಲದ ಆ ಸಂಜೆ ಗುಡುಗು ಮಳೆಯೇ ಈ ಊರಿನ ಎಸಿ ಆಗಿತ್ತು. ಮಧ್ಯಾಹ್ನ ಎಷ್ಟೇ ಕಾದ್ರೂ ಐದು ಗಂಟೆಗೆ ಒಂದು ಅಡ್ಡಮಳೆ ಬಂದು ರಾತ್ರಿಯನ್ನು ತೊಳೆದು ಕೊಡ್ತಿತ್ತು. ಆ ವರ್ಷ ಅದು ಬರಲಿಲ್ಲ. ಬಂದಾಗ ಹೇಗೆ ಬಂತು ಅಂದ್ರೆ, ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್. ಮರಗಳು ಉರುಳಿದವು.

ಅಪ್ಪನಿಗೆ ಅದಕ್ಕಿಂತ ಎರಡು ವರ್ಷ ಮುಂಚೆ ಸ್ಟೆಂಟ್ ಹಾಕಿತ್ತು. ಮೈಯ ನೀರು ಇಳಿಸೋ ಮಾತ್ರೆ ಬೇರೆ ನಡೀತಿತ್ತು. ಸೆಕೆಯಲ್ಲಿ ಬೆವರಿನಲ್ಲೂ ನೀರು ಹೋಗಿ, ಮಾತ್ರೆಯಲ್ಲೂ ಹೋಗಿ, ಏಪ್ರಿಲ್ ಕೊನೆಯ ವಾರ ಒಂದು ಬೆಳಗ್ಗೆ ಬಾತ್‌ರೂಮಿಂದ ಬರ್ತಾ ತಲೆ ಸುತ್ತಿ ಬಾಗಿಲಿಗೆ ಒರಗಿ ಕೂತುಬಿಟ್ರು. ಡಾಕ್ಟರು ಮಾತ್ರೆ ಪ್ರಮಾಣ ಬದಲಾಯಿಸಿ, "ರಾತ್ರಿ ರೂಮ್ ತಂಪಾಗಿಡಿ, ನಿದ್ದೆ ಆಗ್ಬೇಕು" ಅಂದ್ರು. ಹೇಳೋದು ಸುಲಭ.

ಮನೆ ಓನರ್ ಒಪ್ಪಿಗೆ ಕೇಳಿ ಮೊದಲು ತಾರಸಿಗೆ ಸುಣ್ಣ ಬಳಿದೆವು, ನಾನು ಮತ್ತು ತಮ್ಮ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಎಸೆಯುತ್ತೆ ಅನ್ನೋದು ಹಳೇ ವಿದ್ಯೆ. ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋ ಹಾಗಾಯ್ತು, ಒಳಗೂ ವ್ಯತ್ಯಾಸ ಗೊತ್ತಾಯ್ತು. ಆದ್ರೆ ಅಪ್ಪ ರಾತ್ರಿ ಎರಡು ಗಂಟೆಗೆ ಎದ್ದು ಕೂರೋದು ನಿಲ್ಲಲಿಲ್ಲ. ಕೊನೆಗೆ ಇಎಂಐ ಮೇಲೆ ಒಂದು ಟನ್ನಿನ ಎಸಿ ತಂದೆ. ನಮ್ಮ ವಂಶದಲ್ಲೇ ಮೊದಲ ಎಸಿ.

ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡ್ಕೊಳ್ತಿದ್ದವರು. ಅವರಿಗೆ ಒಂದು ಅಭ್ಯಾಸ, ಕರೆಂಟ್ ಬಿಲ್ಲುಗಳನ್ನು ಕೊಕ್ಕೆ ತಂತಿಗೆ ಚುಚ್ಚಿ ಇಡೋದು. ಕೆಇಬಿ ಕಾಲದ ಬಿಲ್ಲುಗಳೂ ಇವೆ, ಮಾಸಿಹೋಗಿ ಓದೋಕೆ ಬರಲ್ಲ. ಓದೋಕೆ ಬರೋವನ್ನ ನಾನು ಎಕ್ಸೆಲ್‌ಗೆ ಹಾಕಿದೆ. ಹಳೇ ಬಿಲ್ಲುಗಳಲ್ಲಿ ಏಪ್ರಿಲಿಗೂ ಡಿಸೆಂಬರಿಗೂ ಯೂನಿಟ್ಟಿನಲ್ಲಿ ವ್ಯತ್ಯಾಸವೇ ಇಲ್ಲ. ಅಂದ್ರೆ ನಮ್ಮ ಮನೆಗೆ ಬೇಸಿಗೆ ಅನ್ನೋ ಖರ್ಚೇ ಇರಲಿಲ್ಲ. 2010ರ ಆಸುಪಾಸು ಏಪ್ರಿಲ್ ಸ್ವಲ್ಪ ತಲೆ ಎತ್ತುತ್ತೆ. ಆಮೇಲೆ ಮಾರ್ಚ್ ಕೂಡ. ಕೂಲಿಂಗ್ ಡಿಗ್ರಿ ಡೇ ಅನ್ನೋ ಪದ ಕೇಳದೇ ಅಪ್ಪ ಅದನ್ನ ಇಪ್ಪತ್ತು ವರ್ಷದಿಂದ ತಂತಿಗೆ ಚುಚ್ಚಿಡ್ತಾ ಬಂದಿದ್ದಾರೆ.

ಎಸಿ ಬಂದ ತಿಂಗಳು ಅಪ್ಪನ ಲೆಕ್ಕ ಕೆಟ್ಟುಹೋಯ್ತು. ಗೃಹಜ್ಯೋತಿ ಯೋಜನೆಯಲ್ಲಿ ನಮಗೆ ಬಿಲ್ ಸೊನ್ನೆ ಬರ್ತಿತ್ತು. ಅದರ ನಿಯಮ ಗೊತ್ತಲ್ಲ, 2022-23ರ ನಿಮ್ಮ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಒಂದು ಮಿತಿ. ಅದರೊಳಗಿದ್ರೆ ಏನೂ ಕೊಡಬೇಕಿಲ್ಲ. ಮಿತಿ ದಾಟಿ 200ರೊಳಗೆ ನಿಂತ್ರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ಯೂನಿಟ್ ದಾಟಿದ್ರೆ ಇಡೀ ಬಿಲ್ ನಿಮ್ಮದೇ. ನಮ್ಮದು ಎಸಿ ಇಲ್ಲದೆ 94. ರಾತ್ರಿ ಎಂಟು ಗಂಟೆ ಎಸಿ ಓಡಿದ ಮೇ ತಿಂಗಳು 231. ಇನ್ನೊಂದು ಬ್ರೇಕ್ ಈವನ್ ಪಾಯಿಂಟ್ ನೋಡಿ, ಇದು ಸರ್ಕಾರದ್ದು. ಆ ಮಿತಿಯನ್ನು ಹಾಕಿದ್ದು ಹಿಂದಿನ ವರ್ಷದ ಸೆಕೆ ನೋಡಿ. ಸೆಕೆ ಮುಂದೆ ಹೋಯ್ತು, ಗೆರೆ ಅಲ್ಲೇ ನಿಂತಿತು. ಯೋಜನೆ ತಪ್ಪು ಅಂತ ನಾನು ಹೇಳ್ತಿಲ್ಲ, ಅದರಿಂದ ನಮ್ಮನೆಯ ಔಷಧಿ ಖರ್ಚು ನಡೆದಿದೆ. ಎಸಿ ಇಲ್ಲದವರ ಮನೆಗೆ ಆ ದುಡ್ಡು ಹೋಗಲಿ ಅನ್ನೋದೂ ನ್ಯಾಯವೇ. ಆದರೆ ಎಸಿ ಅಂದ್ರೆ ಶ್ರೀಮಂತರದ್ದು ಅಂತ ನಾವು ಇನ್ನೂ ಅಂದುಕೊಂಡಿರೋದು ಯಾವ ವರ್ಷದ ಹವಾಮಾನ ಇಟ್ಕೊಂಡು ಅಂತ ಕೇಳಬೇಕನ್ನಿಸುತ್ತೆ.

ಅಪ್ಪ ಈ ಸಮಸ್ಯೆಗೆ ತಮ್ಮದೇ ದಾರಿ ಹುಡುಕಿದ್ರು. ರಾತ್ರಿ ಒಂದು ಗಂಟೆಗೆ ಎದ್ದು ಎಸಿ ಆರಿಸಿಬಿಡೋದು. ಬೆಳಗ್ಗೆ ಮೆಟ್ಟಿಲಿಳಿದು ಹೋಗಿ ಮೀಟರ್ ನೋಡಿ, ಕ್ಯಾಲೆಂಡರಿನ ಆಯಾ ತಾರೀಖಿನ ಮೇಲೆ ಪೆನ್ಸಿಲಲ್ಲಿ ರೀಡಿಂಗ್ ಬರೆಯೋದು. ಸ್ಟೆಂಟ್ ಹಾಕಿದವರು ಮೂರು ಮಹಡಿ ಹತ್ತಿ ಇಳಿಯೋದು ನಾಲ್ಕು ಯೂನಿಟ್ ಉಳಿಸೋಕೆ. "ಅಪ್ಪಾ, ಎಸಿ ತಂದಿದ್ದೇ ನಿಮಗೆ ಅಲ್ವಾ" ಅಂದ್ರೆ, "199ಕ್ಕೆ ನಿಲ್ಲಿಸ್ತೀನಿ ನೋಡು" ಅಂತಾರೆ, ಕ್ರಿಕೆಟ್ ಸ್ಕೋರ್ ಹೇಳೋ ಹಾಗೆ. ಈಗ ನಾವಿಬ್ರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಎಸಿ 27ಕ್ಕೆ, ಜೊತೆಗೆ ಫ್ಯಾನ್ ಒಂದರಲ್ಲಿ, ಮೂರು ಗಂಟೆಯ ತನಕ. ಮೀಟರ್ ನೋಡೋ ಕೆಲಸ ತಮ್ಮನದು.

ಒಂದು ವಿಚಿತ್ರ ಇದೆ. ಎಸಿ ಅನ್ನೋದನ್ನ ಮೊದಲು ಮಾಡಿದ್ದೇ ಮನುಷ್ಯರಿಗಲ್ಲ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಕಾಗದ ತೇವಕ್ಕೆ ಹಿಗ್ಗಿ ಬಣ್ಣ ಕದಲುತ್ತೆ ಅಂತ ವಿಲಿಸ್ ಕ್ಯಾರಿಯರ್ ರೂಪಿಸಿದ ಯಂತ್ರ ಅದು. ಅದೇ 1902ರಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಬೆಂಗಳೂರಿನ ಬೀದಿ ದೀಪಕ್ಕೆ ಬಂದಿದ್ದು 1905ರಲ್ಲಿ. ನಮ್ಮ ಕಾಲೇಜಲ್ಲೂ ಎಸಿ ಇದ್ದದ್ದು ಕಂಪ್ಯೂಟರ್ ಲ್ಯಾಬಿಗೆ, ಚಪ್ಪಲಿ ಹೊರಗೆ ಬಿಟ್ಟು ಹೋಗ್ಬೇಕಿತ್ತು. ಯಂತ್ರಕ್ಕೆ ಸೆಕೆ ಆಗುತ್ತೆ ಅಂತ ಈ ಊರಿಗೆ ಬಹಳ ಬೇಗ ಅರ್ಥ ಆಯ್ತು.

2019ರಲ್ಲಿ ಕೇಂದ್ರ ಸರ್ಕಾರ ಒಂದು ಕೂಲಿಂಗ್ ಯೋಜನೆ ಹೊರತಂದಿತು. ಅದರ ಅಂದಾಜಿನ ಪ್ರಕಾರ 2017-18ಕ್ಕೆ ಹೋಲಿಸಿದ್ರೆ 2037-38ರ ಹೊತ್ತಿಗೆ ದೇಶದ ಕೂಲಿಂಗ್ ಬೇಡಿಕೆ ಎಂಟು ಪಟ್ಟು. ಬೆಂಗಳೂರು ಕೂಡ 2023ರ ನವೆಂಬರಿನಲ್ಲಿ ತನ್ನದೊಂದು ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. ಎಂಟು ಪಟ್ಟು ಅಂದ್ರೆ ಏನು ಅಂತ ನನಗೆ ತಿಳಿಯೋದು ನಮ್ಮ ಕಿಟಕಿಯಿಂದ. ಪಕ್ಕದ ಕಟ್ಟಡದವರ ಎಸಿಯ ಹೊರಗಿನ ಪೆಟ್ಟಿಗೆ ನಮ್ಮ ಅಡುಗೆಮನೆ ಕಿಟಕಿಗೆ ಮುಖ ಮಾಡಿದೆ. ಎಸಿ ತಂಪನ್ನು ತಯಾರು ಮಾಡಲ್ಲ, ಒಳಗಿನ ಬಿಸಿಯನ್ನ ಎತ್ತಿ ಹೊರಗೆ ಹಾಕುತ್ತೆ, ಮೇಲೆ ತನ್ನ ಮೋಟಾರಿನದ್ದೂ ಸೇರಿಸಿ. ಅಮ್ಮ ಚಪಾತಿ ಲಟ್ಟಿಸುವಾಗ ಅವರ ಬೆಡ್‌ರೂಮಿನ ಬಿಸಿ ಇವಳ ಮುಖಕ್ಕೆ ಹೊಡೆಯುತ್ತೆ. ಬೈಕೊಂಡು ಕಿಟಕಿ ಹಾಕ್ತಾಳೆ. ನಮ್ಮ ಪೆಟ್ಟಿಗೆ ಯಾರ ಕಡೆ ಮುಖ ಮಾಡಿದೆ ಅಂತ ಹೋದ ವಾರ ತಾರಸಿಗೆ ಹೋಗಿ ಬಗ್ಗಿ ನೋಡಿದೆ. ಹಿಂದಿನ ಬೀದಿಯ ಶೀಟ್ ಮನೆ. ಅಲ್ಲಿ ಒಂದು ತೊಟ್ಟಿಲು ಕಟ್ಟಿತ್ತು.

ಇನ್‌ಸ್ಟಾಲ್ ಮಾಡಿದ ಹುಡುಗನಿಗೆ ಫೋನ್ ಮಾಡಿದೆ. ಪೈಪ್ ಉದ್ದ ಮಾಡಿ ತಾರಸಿ ಮೇಲಕ್ಕೆ ಎತ್ತಿದ್ರೆ ಆಗುತ್ತೆ, ಖರ್ಚು ಬರುತ್ತೆ ಮೇಡಂ ಅಂದ. ಎಷ್ಟು ಅಂತ ಬರೆದುಕೊಂಡಿದ್ದೀನಿ. ಮುಂದಿನ ತಿಂಗಳು ಮಾಡಿಸಬೇಕು.

ಐದೂಕಾಲು ಆಯ್ತು. ಅಪ್ಪ ಎದ್ದ ಸದ್ದು ಕೇಳಿಸ್ತಿದೆ, ನಿಮಗೂ ಕೇಳಿಸಿರಬಹುದು, ಅದನ್ನ ಎಡಿಟ್ ಮಾಡಲ್ಲ. ನಿಮ್ಮ ಮನೆಯಲ್ಲಿ ಹಳೇ ಕೆಇಬಿ ಬಿಲ್ಲುಗಳು ಯಾರಾದ್ರೂ ಇಟ್ಟಿದ್ರೆ, ಏಪ್ರಿಲಿಂದು ಒಂದು, ಡಿಸೆಂಬರಿಂದು ಒಂದು ಫೋಟೋ ತೆಗೆದು ಕಳಿಸಿ. ಹೆಸರು, ಆರ್‌ಆರ್ ನಂಬರ್ ಮುಚ್ಚಿ ಕಳಿಸಿ. ಯಾವ ಬಡಾವಣೆ, ಹೆಂಚಾ ಆರ್‌ಸಿಸಿನಾ, ಎಷ್ಟನೇ ಮಹಡಿ, ಅಷ್ಟು ಬರೆದ್ರೆ ಸಾಕು. ನನ್ನ ಎಕ್ಸೆಲಲ್ಲಿ ಸದ್ಯಕ್ಕೆ ಒಂದೇ ಮನೆ ಇದೆ.

ಫ್ಯಾನ್ ಹಾಕ್ತೀನಿ ಈಗ.